ಲಿನಕ್ಸ್‌ನಲ್ಲಿ ವಿಂಡೋಸ್ ಆಟ, ಕೈಯಲ್ಲಿ ಗೇಮ್‌ಪ್ಯಾಡ್: ವೈನ್ ಬಗ್ಗೆ ಹಳೆಯ ಬಳಕೆದಾರನೊಬ್ಬನ ವಿಮರ್ಶೆ

ವಿಂಡೋಸ್‌ಗಾಗಿ ತಯಾರಾದ ಆಟಗಳನ್ನು ಲಿನಕ್ಸ್‌ನಲ್ಲಿ ನಡೆಸುವ ವೈನ್ ತಂತ್ರಾಂಶದ ಬಗ್ಗೆ ಬರೆಯುವವರು ಹೆಚ್ಚಾಗಿ ಚಿತ್ರದ ಗುಣಮಟ್ಟ ಮತ್ತು ವೇಗದ ಚರ್ಚೆಯಲ್ಲೇ ನಿಂತುಬಿಡುತ್ತಾರೆ. ನನ್ನ ಕಾಳಜಿ ಗೇಮ್‌ಪ್ಯಾಡ್‌ನದು. ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಮನೆಯ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11 ಬಯಸುವ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವಿಲ್ಲದ ಕಾರಣ ಅದಕ್ಕೆ ಲಿನಕ್ಸ್ ಮಿಂಟ್ ಹಾಕಿದ್ದೇವೆ. ಹಳೆಯ ಆಟಗಳನ್ನು ನೇರವಾಗಿ ವೈನ್‌ನಲ್ಲೂ, ಉಳಿದವನ್ನು ಆಟಗಳ ಆನ್‌ಲೈನ್ ಮಳಿಗೆಯಾದ ಸ್ಟೀಮ್‌ನ ಪ್ರೋಟಾನ್‌ನಲ್ಲೂ (ಇದು ವೈನನ್ನೇ ಆಧರಿಸಿದ ತಂತ್ರಾಂಶ) ವರ್ಷಗಳಿಂದ ಆಡುತ್ತ ಬಂದಿದ್ದೇವೆ. ಈ ಬಳಕೆಯಿಂದ ನನಗೆ ಖಚಿತವಾಗಿರುವುದು ಇಷ್ಟು: ವೈನ್ ತನ್ನ ಪಾಲಿನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ, ಆದರೆ ಪ್ಯಾಡ್ ಮತ್ತು ಆಟದ ನಡುವೆ ಇಬ್ಬರು ಮಧ್ಯವರ್ತಿಗಳು ಏಕಕಾಲಕ್ಕೆ ಕೈಹಾಕದಂತೆ ನೋಡಿಕೊಳ್ಳುವ ಹೊಣೆ ಬಳಕೆದಾರನದೇ.

ಪ್ಯಾಡ್‌ನ ಬಟನ್ ಒತ್ತಿದಾಗ ಆ ಸುದ್ದಿ ಮೊದಲು ಲಿನಕ್ಸ್‌ನ ತಿರುಳಾದ ಕರ್ನೆಲ್‌ನಲ್ಲಿ ಆ ಸಾಧನವನ್ನು ನೋಡಿಕೊಳ್ಳುವ ಡ್ರೈವರ್‌ಗೆ ತಲುಪುತ್ತದೆ. ಅಲ್ಲಿಂದ ಎಸ್‌ಡಿಎಲ್ ಎಂಬ ಲೈಬ್ರರಿಯ ಮೂಲಕವೋ, ನೇರವಾಗಿಯೋ ಅದು ವೈನ್‌ನ ಒಳಗೆ ಬರುತ್ತದೆ. ವೈನ್ ಅದನ್ನು ಆಟಕ್ಕೆ ಗೊತ್ತಿರುವ ಎರಡು ಮುಖ್ಯ ವಿಂಡೋಸ್ ಪದ್ಧತಿಗಳಲ್ಲಿ ಒಂದಕ್ಕೆ ಹೊಂದಿಸಿ ಕೊಡುತ್ತದೆ. ಡೈರೆಕ್ಟ್‌ಇನ್‌ಪುಟ್ 1990ರ ದಶಕದ ಪದ್ಧತಿ. ಎಕ್ಸ್‌ಇನ್‌ಪುಟ್ 2005ರಲ್ಲಿ ಎಕ್ಸ್‌ಬಾಕ್ಸ್ 360 ಜೊತೆಗೆ ಬಂದದ್ದು, ಇದರಲ್ಲಿ ಒಮ್ಮೆಗೆ ಗರಿಷ್ಠ ನಾಲ್ಕು ಪ್ಯಾಡ್‌ಗಳಿಗೆ ಮಾತ್ರ ಅವಕಾಶ. ಪ್ಯಾಡ್ ಕೆಲಸ ಮಾಡುತ್ತಿಲ್ಲ ಎಂದು ದೂರುವವರು ಈ ದಾರಿಯ ಯಾವ ಹಂತದಲ್ಲಿ ಸುದ್ದಿ ನಿಂತಿದೆ ಎಂದು ನೋಡುವುದಿಲ್ಲ. ವೈನನ್ನೇ ಮತ್ತೆ ಮತ್ತೆ ಅಳಿಸಿ ಹೊಸದಾಗಿ ಹಾಕುತ್ತಾರೆ. ಅದರಿಂದ ಏನೂ ಪ್ರಯೋಜನವಿಲ್ಲ.

ನೋಡುವ ಕ್ರಮ ಸುಲಭವಾಗಿದೆ. ಲಿನಕ್ಸ್‌ನ ಇವಿಟೆಸ್ಟ್ ಅಥವಾ ಜೆಎಸ್‌ಟೆಸ್ಟ್ ಎಂಬ ಪರೀಕ್ಷಾ ತಂತ್ರಾಂಶದಲ್ಲಿ ಬಟನ್‌ಗಳು ಸ್ಪಂದಿಸಿದರೆ ಕರ್ನೆಲ್‌ನ ಹಂತ ದಾಟಿತು. ಬಳಿಕ ವೈನ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಗೇಮ್ ಕಂಟ್ರೋಲರ್ ಕಿಟಕಿಯನ್ನು ತೆರೆಯಬೇಕು. ಈಚಿನ ಆವೃತ್ತಿಗಳಲ್ಲಿ ಅಲ್ಲಿ ಡೈರೆಕ್ಟ್‌ಇನ್‌ಪುಟ್ ಮತ್ತು ಎಕ್ಸ್‌ಇನ್‌ಪುಟ್‌ಗಳಿಗೆ ಪ್ರತ್ಯೇಕ ಪುಟಗಳಿವೆ. ವೈನ್‌ನ ಎಲ್ಲ ಸೌಲಭ್ಯಗಳಲ್ಲಿ ನಾನು ಹೆಚ್ಚು ಮೆಚ್ಚುವುದು ಈ ಪುಟ್ಟ ಕಿಟಕಿಯನ್ನೇ, ಏಕೆಂದರೆ ಇಲ್ಲಿ ಸ್ಟಿಕ್ ಅಲುಗಾಡಿದ್ದು ಕಾಣಿಸಿದರೆ ಉಳಿದ ಹುಡುಕಾಟವನ್ನು ಆಟದ ಸೆಟ್ಟಿಂಗ್‌ಗಳಲ್ಲಿ ಮಾತ್ರ ಮಾಡಿದರೆ ಸಾಕು. ಹಳೆಯ ಆಟಗಳಲ್ಲಿ ಹಲವು ತಾವು ಶುರುವಾಗುವ ಹೊತ್ತಿಗಷ್ಟೇ ಪ್ಯಾಡ್ ಇದೆಯೇ ಎಂದು ನೋಡುತ್ತವೆ. ಆಟ ತೆರೆದ ಮೇಲೆ ಕೇಬಲ್ ಚುಚ್ಚಿದರೆ ಅವು ಗಮನಿಸುವುದಿಲ್ಲ. ಇದು ವಿಂಡೋಸ್‌ನಲ್ಲೂ ಹಾಗೆಯೇ ಇದ್ದದ್ದು.

ನಮ್ಮಲ್ಲಿರುವುದು ಲಾಜಿಟೆಕ್ ಎಫ್310, ಕೇಬಲ್ ಇರುವ ಸಾದಾ ಪ್ಯಾಡ್. ಇದರ ಹಿಂಬದಿಯಲ್ಲಿರುವ ಸಣ್ಣ ಸ್ವಿಚ್‌ನ್ನು ಎಕ್ಸ್ ಕಡೆ ಸರಿಸಿದರೆ ಕರ್ನೆಲ್‌ನ ಎಕ್ಸ್‌ಪ್ಯಾಡ್ ಡ್ರೈವರ್ ಇದನ್ನು ಎಕ್ಸ್‌ಬಾಕ್ಸ್ ಮಾದರಿಯ ಪ್ಯಾಡ್ ಎಂದು ಗುರುತಿಸುತ್ತದೆ, ಬೇರೇನನ್ನೂ ಮಾಡಬೇಕಾಗಿಲ್ಲ. ಡಿ ಕಡೆ ಸರಿಸಿದರೆ ಅದು ಸಾಮಾನ್ಯ ಡೈರೆಕ್ಟ್‌ಇನ್‌ಪುಟ್ ಸಾಧನವಾಗುತ್ತದೆ. ಈ ಸ್ವಿಚ್‌ನ ಬೆಲೆ ತಿಳಿಯುವುದು ಹಳೆಯ ಕಾರ್ ರೇಸ್ ಆಟಗಳಲ್ಲಿ. ಎಕ್ಸ್‌ಬಾಕ್ಸ್ ಮಾದರಿಯ ಪ್ಯಾಡನ್ನು ಡೈರೆಕ್ಟ್‌ಇನ್‌ಪುಟ್ ಮೂಲಕ ಓದುವ ಆಟಕ್ಕೆ ಎಡ ಮತ್ತು ಬಲ ಟ್ರಿಗರ್‌ಗಳೆರಡೂ (ತೋರುಬೆರಳಿನಿಂದ ಎಳೆಯುವ ಬಟನ್‌ಗಳು) ಒಂದೇ ಅಕ್ಷವಾಗಿ, ಅಂದರೆ ಹೆಚ್ಚುಕಡಿಮೆಯಾಗುವ ಒಂದೇ ಅಳತೆಯಾಗಿ ಕಾಣುತ್ತವೆ. ಎರಡನ್ನೂ ಒಟ್ಟಿಗೆ ಒತ್ತಿದರೆ ಒಂದು ಇನ್ನೊಂದನ್ನು ಅಳಿಸಿ ಸೊನ್ನೆಯಾಗುತ್ತದೆ, ಆದ್ದರಿಂದ ತಿರುವಿನಲ್ಲಿ ಆಕ್ಸಿಲರೇಟರ್ ಬಿಡದೆ ಬ್ರೇಕ್ ಹಾಕಲು ಬರುವುದಿಲ್ಲ. ಇದು ಮೈಕ್ರೋಸಾಫ್ಟ್‌ನ ಡ್ರೈವರ್ ಮೊದಲಿಂದಲೂ ಪಾಲಿಸಿದ ರೀತಿ, ವೈನ್ ಅದನ್ನು ನಿಷ್ಠೆಯಿಂದ ಅನುಸರಿಸುತ್ತದೆ ಅಷ್ಟೆ. ಡಿ ಕಡೆ ಸರಿಸಿದರೆ ಟ್ರಿಗರ್‌ಗಳು ಬೇರೆ ಬೇರೆ ಬಟನ್‌ಗಳಾಗಿ ಕಾಣುತ್ತವೆ, ಆದರೆ ಆಗ ಅರ್ಧ ಒತ್ತುವುದೆಂಬುದೇ ಇರುವುದಿಲ್ಲ. ನಾನು ಎಕ್ಸ್‌ನಲ್ಲೇ ಇಟ್ಟು, ಆಕ್ಸಿಲರೇಟರ್‌ಗೆ ಟ್ರಿಗರನ್ನೂ ಬ್ರೇಕ್‌ಗೆ ಬೇರೊಂದು ಬಟನನ್ನೂ ಕೊಟ್ಟುಕೊಂಡಿದ್ದೇನೆ; ಇದು ಎಲ್ಲಕ್ಕಿಂತ ಕಡಿಮೆ ತೊಂದರೆಯ ದಾರಿ. ಎಫ್310ನಲ್ಲಿ ಕಂಪನದ ಮೋಟಾರ್ ಇಲ್ಲ. ಕೈಗೆ ನಡುಕ ಬೇಕೆನ್ನುವವರಿಗೆ ಇದು ಹಿಡಿಸದು.

ಅಗ್ಗದ, ಹೆಸರಿಲ್ಲದ ಪ್ಯಾಡ್‌ಗಳ ವಿಷಯ ಬೇರೆ. ಅವುಗಳಲ್ಲಿ ಸ್ವಿಚ್ ಬದಲು ಯಾವುದೋ ಬಟನನ್ನು ಕೆಲ ಕ್ಷಣ ಒತ್ತಿ ಹಿಡಿದು ಪದ್ಧತಿ ಬದಲಿಸಬೇಕು, ಕೇಬಲ್ ಕಿತ್ತರೆ ಅದೂ ಮರೆತುಹೋಗುತ್ತದೆ. ಬಟನ್‌ಗಳ ಸಂಖ್ಯೆಗಳೂ ಅದಲುಬದಲಾಗಿರುತ್ತವೆ. ಪ್ಯಾಡ್‌ನ ಗುರುತಿನ ಸಂಖ್ಯೆ ಎಸ್‌ಡಿಎಲ್‌ನ ಪಟ್ಟಿಯಲ್ಲಿ ಇಲ್ಲದಿದ್ದರೆ ಯಾವ ಬಟನ್ ಯಾವುದೆಂದು ನಾವೇ ಬರೆದುಕೊಡಬೇಕು. ಇದು ಸಾಧ್ಯ, ಆದರೆ ಉಳಿದ ಹಣಕ್ಕಿಂತ ಕಳೆದ ಸಂಜೆಗಳೇ ಹೆಚ್ಚಾಗುತ್ತವೆ.

ಇನ್ನು ಪ್ರೋಟಾನ್. 2018ರ ಆಗಸ್ಟ್‌ನಲ್ಲಿ ಸ್ಟೀಮ್‌ನ ಒಡೆಯ ಕಂಪನಿ ವಾಲ್ವ್ ಇದನ್ನು ಬಿಡುಗಡೆ ಮಾಡಿದ ಮೇಲೆ ಪ್ಯಾಡ್‌ಗಳ ಗೋಳು ನಿಜಕ್ಕೂ ಕಡಿಮೆಯಾಯಿತು. ಸ್ಟೀಮ್‌ನಲ್ಲಿರುವ ಸ್ಟೀಮ್ ಇನ್‌ಪುಟ್ ಎಂಬ ಸೌಲಭ್ಯ ನಿಮ್ಮ ಪ್ಯಾಡ್ ಯಾವುದೇ ಇರಲಿ, ಆಟದ ಮುಂದೆ ಎಕ್ಸ್‌ಬಾಕ್ಸ್ 360 ಪ್ಯಾಡ್‌ನ ವೇಷದಲ್ಲಿ ನಿಲ್ಲಿಸುತ್ತದೆ. ಸ್ಟೀಮ್‌ನಲ್ಲಿ ಕೊಳ್ಳದ ಆಟವನ್ನೂ ಅದರ ಪಟ್ಟಿಗೆ ಸೇರಿಸಿ ಇದೇ ಸೌಲಭ್ಯ ಪಡೆಯಬಹುದು. ಮೊದಲೇ ಹೇಳಿದ ಇಬ್ಬರು ಮಧ್ಯವರ್ತಿಗಳ ತೊಡಕು ಬರುವುದು ಸ್ಟೀಮನ್ನೂ ಸಾದಾ ವೈನನ್ನೂ ಬೆರೆಸಿದಾಗ. ಸ್ಟೀಮ್ ಹಿನ್ನೆಲೆಯಲ್ಲಿ ತೆರೆದಿರುವಾಗಲೇ ಹೊರಗೆ ಸಾದಾ ವೈನ್‌ನಲ್ಲಿ ಆಟ ಆರಂಭಿಸಿದರೆ, ಸ್ಟೀಮ್ ತನ್ನ ಡೆಸ್ಕ್‌ಟಾಪ್ ವಿನ್ಯಾಸದಂತೆ ಅದೇ ಪ್ಯಾಡನ್ನು ಕೀಬೋರ್ಡ್ ಮತ್ತು ಮೌಸ್ ಆಗಿ ನಡೆಸುತ್ತದೆ, ಅತ್ತ ವೈನ್ ಅದನ್ನು ಪ್ಯಾಡ್ ಆಗಿಯೇ ಓದುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ ಎಂಬ ಸ್ಥಿತಿ. ಮೆನುವಿನಲ್ಲಿ ಒಮ್ಮೆ ಒತ್ತಿದರೆ ಎರಡು ಸಾಲು ಇಳಿಯುವುದು, ಸ್ಟಿಕ್ ತಿರುಗಿಸಿದರೆ ಮೌಸ್ ಬಾಣವೂ ಓಡುವುದು ಇದರ ಲಕ್ಷಣಗಳು. ಸ್ಟೀಮನ್ನು ಪೂರ್ತಿ ಮುಚ್ಚಬೇಕು, ಇಲ್ಲವೇ ಆಟವನ್ನು ಅದರೊಳಗಿನಿಂದಲೇ ನಡೆಸಬೇಕು.

ಅಕ್ಕನ ಮಗ ಬಂದಾಗ ಪ್ಲೇಸ್ಟೇಷನ್‌ನ ಡ್ಯುಯಲ್‌ಶಾಕ್ 4 ತರುತ್ತಾನೆ. ಕರ್ನೆಲ್‌ನಲ್ಲಿ ಸೋನಿ ಪ್ಯಾಡ್‌ಗಳಿಗೆ ಡ್ರೈವರ್ ಇರುವುದರಿಂದ ಬ್ಲೂಟೂತ್ ಸಂಪರ್ಕ ಕೂಡಲೇ ಸಿಗುತ್ತದೆ. ಅದರ ಟಚ್‌ಪ್ಯಾಡ್ ಮತ್ತು ಚಲನೆಯ ಸೆನ್ಸರ್ ಬೇರೆ ಬೇರೆ ಸಾಧನಗಳಾಗಿ ಕಾಣುವುದು ಮಾತ್ರ ಹೊಸಬರಿಗೆ ಗೊಂದಲ. ಬೇಡದ್ದನ್ನು ಮೇಲೆ ಹೇಳಿದ ವೈನ್‌ನ ಕಿಟಕಿಯಲ್ಲಿ ನಿಷ್ಕ್ರಿಯಗೊಳಿಸಬಹುದು. ಪ್ಯಾಡನ್ನು ನೇರವಾಗಿ ಓದಬಯಸುವ ಆಟಗಳಿಗೆ ಆ ಸಾಧನವನ್ನು ತೆರೆಯುವ ಅನುಮತಿ ಬೇಕು, ಅದನ್ನು ಕೊಡುವ ಯುಡೆವ್ ನಿಯಮಗಳು (ಲಿನಕ್ಸ್‌ನಲ್ಲಿ ಸಾಧನಗಳನ್ನು ನಿರ್ವಹಿಸುವ ನಿಯಮಗಳು) ಸ್ಟೀಮ್ ಡಿವೈಸಸ್ ಎಂಬ ಪ್ಯಾಕೇಜ್‌ನಲ್ಲಿ ಬರುತ್ತವೆ. ಬೇಸಿಗೆಯಲ್ಲಿ ಕರೆಂಟ್ ಹೋಗುವ ನಮ್ಮ ಊರಿನಲ್ಲಿ ಲ್ಯಾಪ್‌ಟಾಪ್‌ನ ಜೊತೆಗೆ ಪ್ಯಾಡ್‌ನ ಚಾರ್ಜನ್ನೂ ಕಾಯುತ್ತ ಕೂರುವುದಕ್ಕಿಂತ ಕೇಬಲ್ ಲೇಸೆಂದು ನನ್ನ ಮತ.

ವೈನ್ ಬಳಕೆಯನ್ನು ಸುಲಭಗೊಳಿಸುವ ಬಾಟಲ್ಸ್, ಲುಟ್ರಿಸ್ ಮೊದಲಾದವನ್ನು ಫ್ಲಾಟ್‌ಪ್ಯಾಕ್ ರೂಪದಲ್ಲಿ (ಉಳಿದ ವ್ಯವಸ್ಥೆಯಿಂದ ಬೇರ್ಪಡಿಸಿಟ್ಟ ಪ್ಯಾಕೇಜ್) ಹಾಕಿಕೊಂಡವರು ಅವುಗಳಿಗೆ ಇನ್‌ಪುಟ್ ಸಾಧನಗಳ ಅನುಮತಿ ಇದೆಯೇ ಎಂದು ಅನುಮತಿಗಳನ್ನು ತೋರಿಸುವ ಫ್ಲಾಟ್‌ಸೀಲ್ ತಂತ್ರಾಂಶದಲ್ಲಿ ನೋಡಿಕೊಳ್ಳಬೇಕು. ಲ್ಯಾಪ್‌ಟಾಪ್ ಬದಲಿಸುವವರು ವೈನ್ ತನ್ನ ಕಡತಗಳನ್ನು ಇಡುವ ಪ್ರಿಫಿಕ್ಸ್ ಫೋಲ್ಡರನ್ನು ನಕಲಿಸಿಕೊಂಡರೆ ಪ್ಯಾಡ್‌ನ ಸೆಟ್ಟಿಂಗ್‌ಗಳೂ ಅದರೊಳಗಿನ ರಿಜಿಸ್ಟ್ರಿಯೊಡನೆ (ಸೆಟ್ಟಿಂಗ್‌ಗಳ ದಾಖಲೆ) ಬರುತ್ತವೆ. ಯುಡೆವ್ ನಿಯಮಗಳು ಮಾತ್ರ ಆ ಫೋಲ್ಡರಿನ ಹೊರಗೆ, ವ್ಯವಸ್ಥೆಯ ಭಾಗದಲ್ಲಿ ಇರುವುದರಿಂದ ಅವನ್ನು ಹೊಸ ಯಂತ್ರದಲ್ಲಿ ಬೇರೆಯಾಗಿಯೇ ಹಾಕಬೇಕು.