ಮಂಗಳೂರಿನಲ್ಲಿ ಕೊಳ್ಳುವುದು ಕದ್ರಿಯ ಫ್ಲ್ಯಾಟೋ, ಸುರತ್ಕಲ್ಲಿನದೋ?

ಆಸ್ಪತ್ರೆ, ಶಾಲೆ, ಪೇಟೆ ಹತ್ತಿರ ಬೇಕೆಂದರೆ ಕದ್ರಿಯೇ ಸರಿ. ಎತ್ತರದ ಜಾಗ, ಸಂಜೆ ನಡೆಯಲು ಪಾರ್ಕ್ ಇದೆ. ದರ ಮಾತ್ರ ಭಾರ.

ಸುರತ್ಕಲ್ಲಿನಲ್ಲಿ ಅದೇ ದುಡ್ಡಿಗೆ ದೊಡ್ಡ ಮನೆ ಸಿಕ್ಕೀತು. ಎನ್‌ಐಟಿಕೆ ಎಂಜಿನಿಯರಿಂಗ್ ಕಾಲೇಜು ಇರುವುದರಿಂದ ಬಾಡಿಗೆಗೂ ಜನ ಬರುತ್ತಾರೆ. ಆದರೆ ಕಡಲಿನ ಉಪ್ಪುಗಾಳಿ ಕಬ್ಬಿಣವನ್ನು ಬಿಡುವುದಿಲ್ಲ. ಬಾಲ್ಕನಿ ಗ್ರಿಲ್‌ನ ವೆಲ್ಡಿಂಗ್ ಸಂದು ಮುಟ್ಟಿ ನೋಡಿ, ಬೆರಳಿಗೆ ಕೆಂಪು ಪುಡಿ ಹತ್ತಿದರೆ ತುಕ್ಕು ಹಿಡಿದಿದೆ ಎಂದೇ ಅರ್ಥ.

ಎರಡೂ ಕಡೆ ಪಶ್ಚಿಮದ ಗೋಡೆಯನ್ನು ಜುಲೈಯಲ್ಲಿ ನೋಡುವುದೇ ಒಳ್ಳೆಯದು, ಗಾಳಿಮಳೆ ಬಡಿಯುವುದು ಅಲ್ಲಿಗೇ. ಕಿಟಕಿಯ ಕೆಳಮೂಲೆಯಲ್ಲಿ ಪೈಂಟ್ ಉಬ್ಬಿದ್ದರೆ ಫ್ರೇಮಿನ ಸಂದಿನಿಂದ ನೀರು ಇಳಿಯುತ್ತಿರಬಹುದು; ಹೊಸ ಪೈಂಟ್ ಬಳಿದರೆ ಅದು ನಿಲ್ಲದು. ನಗರಕ್ಕೆ ನೀರು ಕೊಡುವ ತುಂಬೆ ಅಣೆಕಟ್ಟಿನಲ್ಲಿ ಮೇ ತಿಂಗಳಲ್ಲಿ ನೀರು ಇಳಿದಾಗ ಆಸರೆಗೆ ಕಟ್ಟಡದಲ್ಲಿ ಬಾವಿಯೋ ಬೋರ್‌ವೆಲ್ಲೋ ಇದೆಯೇ ಕೇಳಿ. ಓಸಿ (ಕಟ್ಟಡ ವಾಸಕ್ಕೆ ಸಿದ್ಧವೆಂಬ ಪ್ರಮಾಣಪತ್ರ), ಇ-ಖಾತಾ (ಪಾಲಿಕೆಯ ಆಸ್ತಿ ದಾಖಲೆ) ನೋಡದೆ ಅಡ್ವಾನ್ಸ್ ಕೊಡಬೇಡಿ.