ಬೆಳಗಾವಿ ಟಿಳಕವಾಡಿನೋ, ಬಾಗಲಕೋಟಿ ಕಡೆ ಹಳ್ಳಿನೋ: ತೂಕದ ಲೆಕ್ಕದಾಗ

ಅಕ್ಕಾ, ಮನಿ ಎಲ್ಲಿ ಮಾಡ್ಲಿ ಅಂತ ಕೇಳಿದ್ರಿ, ನಾ ಎರಡೂ ಕಡೆ ಇದ್ದು ಬಂದಾಕಿ, ಊರು ಬದಲಾದ್ರ ತೂಕಾನೂ ಬದಲಾಗ್ತೈತಿ ಅನ್ನೋದು ಖರೇನ ರೀ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ ಪ್ಯಾಟಿ ಹೆಣ್ಮಕ್ಕಳೊಳಗ ಸುಮಾರು 33% ಮಂದೀದು ಬಿಎಂಐ (ಎತ್ತರಕ್ಕ ತೂಕ ಎಷ್ಟೈತಿ ಅನ್ನೋ ಲೆಕ್ಕ) 25 ಅಥವಾ ಅದಕ್ಕೂ ಜಾಸ್ತಿ, ಅಂದ್ರ ತೂಕ ಹೆಚ್ಚಾತು ಅಂತ; ಹಳ್ಳ್ಯಾಗ 20% ಹತ್ರ.

ಹಳ್ಳ್ಯಾಗಿದ್ದಾಗ ನಮ್ಮ ಅತ್ತಿ ಹಂಚಿನ ಮ್ಯಾಲಿಂದ ರೊಟ್ಟಿ ತಗದು ಸೀದಾ ತಾಟಿಗೆ ಹಾಕೋರು, ಜೊತಿಗೆ ಕಾಳಪಲ್ಯ, ಹಸಿ ಉಳ್ಳಾಗಡ್ಡಿ, ಶೇಂಗಾ ಹಿಂಡಿ ಮಸರು, ಎರಡು ರೊಟ್ಟಿಗೆ ಹೊಟ್ಟಿ ತುಂಬಿ ಸಂಜೀತನ ಹಸಿವಿ ಅನ್ನೋದ ಇರ್ತಿರಲಿಲ್ಲ. ಟಿಳಕವಾಡಿಗೆ ಬಂದ ಮ್ಯಾಲೆ ರೊಟ್ಟಿ ಬಡಿಯಾಕ ಟೈಮ್ ಇಲ್ಲ, ಅನ್ನ ಚಪಾತಿ, ಸಂಜೀಕೆ ಕೆಳಗ ಇಳದ್ರ ವಡಾಪಾವ್, ಯಾರರ ಬಂದ್ರ ಕುಂದಾ, ಎರಡ ವರ್ಷದಾಗ 7 ಕೆಜಿ ಏರಿದೆ.

ಆದ್ರ ಹಳ್ಳಿ ಅಂದ್ರ ಎಲ್ಲಾ ಛಲೋ ಅನ್ಕೋಬ್ಯಾಡ್ರಿ. ದಿನಕ್ಕ ನಾಕೈದು ಸಲ ಸಕ್ರಿ ಹಾಕಿದ ಚಾ, ಹೊಲಕ್ಕ ಹೋಗಾಕೂ ಬೈಕು, ಬ್ಯಾಸಗಿ ಬಿಸಲಾಗ ವಾಕಿಂಗ್ ಮಾತ ಇಲ್ಲ. ಬೆಳಗಾವಿ ತಂಪೈತಿ, ಟಿಳಕವಾಡ್ಯಾಗಿನ ವ್ಯಾಕ್ಸಿನ್ ಡಿಪೋ ಅನ್ನೋ ಜಾಗದ ಗಿಡಗಳ ನಡುವ ಮುಂಜಾನೆ ಹೆಂಗಸ್ರು ಒಬ್ರ ಅಡ್ಡಾಡಿದ್ರೂ ಯಾರೂ ಏನೂ ಅನ್ನಂಗಿಲ್ಲ, ಹಳ್ಳ್ಯಾಗ ಹಂಗ ನಡದ್ರ ಎಲ್ಲಿಗೆ ಹೊಂಟ್ಯವಾ ಅಂತ ಹತ್ತು ಮಂದಿ ಕೇಳ್ತಾರ.

ನಿಮಗ ಶುಗರ್ ಐತಿ, ನಡಿಯೋದು ಬೇಕ ಬೇಕು, ಅದಕ್ಕ ನಾ ಬೆಳಗಾವಿನ ಅಂತೀನಿ, ಜ್ವಾಳದ ಹಿಟ್ಟು ಮಾತ್ರ ಊರಿಂದ ತರಸ್ರಿ.