ನಮೀಬಿಯಾದಲ್ಲಿ ಬಾಡಿಗೆ ಗಾಡಿ, ತಲೆ ಮೇಲೆ ಟೆಂಟ್: ಕೊಟ್ಟ ದುಡ್ಡಿಗೆ ಮೋಸ ಇಲ್ಲ, ಆದ್ರೆ...

ಆಫ್ರಿಕಾದ ನಮೀಬಿಯಾಕ್ಕೆ ಹೋಗೋಣ ಅಂತ ಇರುವವರು ಹೋಟೆಲ್ ಫೋಟೋ ನೋಡುತ್ತಾ ಕೂರಬೇಡಿ. ಮೊದಲು ಗಾಡಿ ನೋಡಿ. ದೇಶ ಕರ್ನಾಟಕದ ನಾಲ್ಕು ಪಟ್ಟಿಗೂ ಜಾಸ್ತಿ ದೊಡ್ಡದು, ಜನ ಇರುವುದು 30 ಲಕ್ಷದ ಆಸುಪಾಸು. ಬಸ್ಸು, ರೈಲು ನಂಬಿಕೊಂಡರೆ ಮರುಭೂಮಿ ಮುಟ್ಟೋದಿಲ್ಲ. ಗ್ರೂಪ್ ಟೂರ್ ತಗೊಂಡರೆ ಅವರು ನಿಲ್ಲಿಸಿದಲ್ಲಿ ನಿಲ್ಲಬೇಕು, ಹೊರಡು ಅಂದಾಗ ಹೊರಡಬೇಕು. ಹಾಗಾಗಿ ನಾನು, ನಮ್ಮವರು ಇಬ್ಬರೇ, ಮಳೆಗಾಲದಲ್ಲಿ ತೋಟದ ಕೆಲಸ ಕಡಿಮೆ ಇರುವ ಆಗಸ್ಟ್‌ನಲ್ಲಿ, ರಾಜಧಾನಿ ವಿಂಡ್‌ಹುಕ್‌ನ ಒಂದು ಕಂಪನಿಯಿಂದ ಫೋರ್ ವೀಲ್ ಹೈಲಕ್ಸ್ ಪಿಕಪ್ ಬಾಡಿಗೆಗೆ ತಗೊಂಡೆವು. ಮೇಲೆ ಮಡಚಿಡುವ ಟೆಂಟ್, ಹಿಂದೆ ಫ್ರಿಜ್, ಗ್ಯಾಸ್ ಒಲೆ, ಪಾತ್ರೆ, ಕುರ್ಚಿ, ನೀರಿನ ಟ್ಯಾಂಕ್, ಎಲ್ಲಾ ಸೇರಿಸಿ. ಕಂಪನಿ ಹೆಸರು ಹಾಕುತ್ತಿಲ್ಲ. ಕೆಳಗೆ ಒಂದೆರಡು ಬೈಗುಳ ಇದೆ, ಆಮೇಲೆ ಅವರು ಸರಿ ಮಾಡಿಕೊಟ್ಟಿದ್ದೂ ಇದೆ. ಅಲ್ಲಿ ಇಂಥ ಕಂಪನಿಗಳು ತುಂಬಾ ಇವೆ, ಯಾವುದನ್ನು ಆರಿಸಿದರೂ ನೋಡಬೇಕಾದ್ದು ಒಂದೇ.

ಅದು ಗಾಡಿಯನ್ನು ಕೈಗೆ ಕೊಡುವ ರೀತಿ. ನಮ್ಮ ಕಂಪನಿಯಲ್ಲಿ ಒಬ್ಬ ಹುಡುಗ ಅಂಗಳದಲ್ಲಿ ಗಾಡಿ ನಿಲ್ಲಿಸಿ ಒಂದು ಗಂಟೆಗೂ ಜಾಸ್ತಿ ತೋರಿಸಿದ. ತೋರಿಸಿದ ಅಂದರೆ ಅವನು ಮಾಡಿದ್ದಲ್ಲ, ನಮ್ಮ ಕೈಲಿ ಮಾಡಿಸಿದ್ದು. "ಯಾರು ಓಡಿಸೋದು?" ಅಂತ ಕೇಳಿದ. ನಾನು ಅಂದೆ. ಮೂಡಿಗೆರೆ ಕಡೆಯ ತೋಟದಲ್ಲಿ ಜೀಪು ಓಡಿಸುವವಳೂ ನಾನೇ, ಇವರು ಪಕ್ಕದಲ್ಲಿ ಕೂತು ಹುಷಾರು ಹುಷಾರು ಅನ್ನುವ ಕೆಲಸದವರು. ಸರಿ, ಜ್ಯಾಕ್ ನನ್ನ ಕೈಗೇ ಕೊಟ್ಟ. ಹಿಂದಿನ ಚಕ್ರ ಬಿಚ್ಚಿ ಹಾಕಿಸಿದ. ಸ್ಟೆಪ್ನಿ ಎರಡು ಇದ್ದವು, ಎರಡರ ಗಾಳಿಯೂ ನನ್ನ ಕೈಲೇ ನೋಡಿಸಿದ. ಡಾಂಬರಿನಲ್ಲಿ ಎಷ್ಟು ಗಾಳಿ, ಜಲ್ಲಿ ರಸ್ತೆಗೆ ಎಷ್ಟು ಇಳಿಸಬೇಕು, ಮರಳಿಗೆ ಇನ್ನೂ ಎಷ್ಟು ಇಳಿಸಬೇಕು ಅಂತ ಟೇಪಿನ ಚೂರಿನ ಮೇಲೆ ಬರೆದು ಸ್ಟೀರಿಂಗ್ ಪಕ್ಕ ಅಂಟಿಸಿದ. ಗಾಳಿ ತುಂಬುವ ಸಣ್ಣ ಕಂಪ್ರೆಸರ್ ಸೀಟಿನ ಹಿಂದೆ ಇತ್ತು. ನಿಮ್ಮ ಕಂಪನಿ ಕೀ ಕೊಟ್ಟು, ಸಹಿ ಹಾಕಿಸಿಕೊಂಡು ಹತ್ತು ನಿಮಿಷದಲ್ಲಿ ಕಳಿಸಿದರೆ ಹೊರಡಬೇಡಿ. ಅಲ್ಲೇ ನಿಂತು ಎಲ್ಲಾ ಬಿಚ್ಚಿ ನೋಡಿ.

ಯಾಕೆ ಇಷ್ಟು ಹೇಳುತ್ತೀನಿ ಅಂದರೆ, ಅಲ್ಲಿ ರಸ್ತೆಗೆ ಬಿ, ಸಿ, ಡಿ ಅಂತ ದರ್ಜೆ ಇದೆ. ಬಿ ಅಂದರೆ ಒಳ್ಳೇ ಡಾಂಬರು, ನಮ್ಮ ಹಾಸನ-ಬೆಂಗಳೂರು ಹೈವೇಗೆ ಏನೂ ಕಮ್ಮಿ ಇಲ್ಲ, ಜೊತೆಗೆ ಖಾಲಿ ಖಾಲಿ. ಸಿ ಬಹುಪಾಲು ಜಲ್ಲಿ. ಡಿ ಅಂದರೆ ದೇವರೇ ಗತಿ. ಜಲ್ಲಿ ಮೇಲೆ ಅಡ್ಡಡ್ಡಕ್ಕೆ ಸಣ್ಣ ಉಬ್ಬುಗಳು ಎದ್ದಿರುತ್ತವೆ, ಗಾಡಿ ಗಡಗಡ ಅಂತ ಹಲ್ಲು ಅಲ್ಲಾಡಿಸುತ್ತದೆ. ಸ್ಪೀಡ್ ಜಾಸ್ತಿ ಮಾಡಿದರೆ ಅಲುಗಾಟ ನಿಂತ ಹಾಗೆ ಅನಿಸುತ್ತದೆ. ಅದೇ ಅಪಾಯ. ಆಗ ಚಕ್ರ ನೆಲಕ್ಕೆ ಸರಿಯಾಗಿ ತಾಗುತ್ತಲೇ ಇರೋದಿಲ್ಲ, ತಿರುವಿನಲ್ಲಿ ಬ್ರೇಕ್ ಒತ್ತಿದರೆ ಗಾಡಿ ಪಲ್ಟಿ. ಪ್ರವಾಸಿಗಳ ಅಪಘಾತ ಬಹಳಷ್ಟು ಹೀಗೇ ಆಗುವುದು, ಎದುರಿಗೆ ಒಂದು ಗಾಡಿಯೂ ಇಲ್ಲದೇ. ನಮ್ಮ ಕರಾರಿನಲ್ಲಿ ಜಲ್ಲಿ ಮೇಲೆ 80 ಕಿ.ಮೀ. ಮೀರಬಾರದು ಅಂತ ಇತ್ತು, ಗಾಡಿಯಲ್ಲಿ ಟ್ರ್ಯಾಕರ್ ಕೂಡ ಇತ್ತು. ಕತ್ತಲಾದ ಮೇಲೆ ಓಡಿಸಿದರೆ ವಿಮೆ ಇಲ್ಲ. ಕುಡು ಅನ್ನುವ ದೊಡ್ಡ ಜಿಂಕೆ ಜಾತಿಯ ಪ್ರಾಣಿ ಲೈಟಿಗೆ ಹಾರಿ ಬರುತ್ತದಂತೆ. ರಾತ್ರಿ ಹೊತ್ತು ಕಾಡುಕೋಣ ನೋಡಿಕೊಂಡು ಮನೆ ಸೇರುವ ನಮಗೆ ಇದನ್ನು ಯಾರೂ ಎರಡನೇ ಸಲ ಹೇಳಬೇಕಾಗಲಿಲ್ಲ.

ವಿಮೆ ವಿಷಯ. ಮೂಲ ಬಾಡಿಗೆಯಲ್ಲಿ ಬರುವ ವಿಮೆಗೆ ಟೈರು, ಗಾಜು, ಗಾಡಿ ತಳ ಸೇರಿರೋದಿಲ್ಲ. ಮರುಭೂಮಿಯಲ್ಲಿ ಹಾಳಾಗುವುದೇ ಈ ಮೂರು! ಜಾಸ್ತಿ ದುಡ್ಡು ಕೊಟ್ಟು ಟೈರು-ಗಾಜು ಸೇರಿಸಿಕೊಳ್ಳಿ. ನಾವು ಸೇರಿಸಿದ್ದೆವು. ಸಾಲಿಟೇರ್ ಅನ್ನುವ ಪುಟ್ಟ ಜಾಗದಿಂದ ಸಮುದ್ರದ ಕಡೆ ಹೋಗುವ ಸಿ14 ರಸ್ತೆಯಲ್ಲಿ ಚೂಪುಕಲ್ಲು ಟೈರಿನ ಪಕ್ಕೆ ಸೀಳಿತು. ಪಂಕ್ಚರ್ ಹಾಕುವ ಹಾಗೇ ಇರಲಿಲ್ಲ, ಬೆರಳು ಒಳಗೆ ಹೋಗುವಷ್ಟು ಸೀಳು. ಸುತ್ತ ಒಂದು ಮರ ಇಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಜ್ಯಾಕ್ ಕೆಳಗೆ ಇಡಲು ಅಂತಲೇ ಒಂದು ಹಲಗೆ ಕೊಟ್ಟಿದ್ದರು, ಆ ಪುಡಿಮಣ್ಣಿನಲ್ಲಿ ಅದಿಲ್ಲದೆ ಜ್ಯಾಕ್ ನಿಲ್ಲುತ್ತಿರಲಿಲ್ಲ. ಇವರು ನಟ್ಟುಗಳನ್ನು ಟೋಪಿಯಲ್ಲಿ ಹಾಕಿ ಎದೆಗೆ ಅವಚಿಕೊಂಡು ನಿಂತಿದ್ದರು, ಮಗು ಎತ್ತಿಕೊಂಡವರ ತರಹ. ನಾವು ಚಕ್ರ ಹಾಕುವಷ್ಟರಲ್ಲಿ ಹೋದದ್ದು ಎರಡು ಗಾಡಿ. ಎರಡೂ ನಿಂತು ಕೇಳಿ ಹೋದವು, ಅಲ್ಲಿ ಅದು ರೂಢಿ. ಊರು ಸೇರಿದ ಮೇಲೆ ಕಂಪನಿಗೆ ಫೋಟೋ ಕಳಿಸಿದೆವು, ಹೊಸ ಟೈರು ಹಾಕಿಸಿಕೊಳ್ಳಿ ಅಂದರು. ಒಂದು ಮಾತು ಎದುರಾಡಲಿಲ್ಲ. ಇದಕ್ಕೆ ಪೂರ್ತಿ ಅಂಕ.

ಆ ರಸ್ತೆಯಲ್ಲಿ ಹೋಗುವವರು ಸಾಲಿಟೇರ್‌ನಲ್ಲೇ ಡೀಸೆಲ್ ತುಂಬಿಸಿ. ಮುಂದೆ ಸಮುದ್ರ ದಂಡೆಯ ವಾಲ್ವಿಸ್ ಬೇ ಊರಿನ ತನಕ 200 ಕಿ.ಮೀ. ಮೀರಿ ಬಂಕ್ ಇಲ್ಲ. ಸಾಲಿಟೇರ್‌ನ ಆಪಲ್ ಪೈ ಹೆಸರುವಾಸಿ, ತಿನ್ನಿ, ಚೆನ್ನಾಗಿದೆ.

ಈಗ ಬೈಗುಳ. ಫ್ರಿಜ್ಜಿಗೆ ಅಂತ ಇರುವ ಎರಡನೇ ಬ್ಯಾಟರಿ ಸತ್ತೇ ಹೋಗಿತ್ತು. ಹಗಲು ಗಾಡಿ ಓಡುವಾಗ ತಣ್ಣಗೆ, ರಾತ್ರಿ ನಿಲ್ಲಿಸಿದರೆ ಬಿಸಿ. ಸೂಪರ್ ಮಾರ್ಕೆಟ್ಟಿನಲ್ಲಿ ಹುಡುಕಿ ತಂದ ಮೊಸರು ಹುಳಿ ಹೊಡೆದು ಡಬ್ಬಿ ಉಬ್ಬಿಕೊಂಡಿತು. ಫೋನ್ ಮಾಡಿದರೆ ಮೊದಲು ನಮಗೇ ಪಾಠ ಹೇಳಿದರು, ಸ್ವಿಚ್ ಸರಿಯಾಗಿ ಹಾಕಿ ಅಂತ. ಆಮೇಲೆ ಎಟೋಶಾ ರಾಷ್ಟ್ರೀಯ ಉದ್ಯಾನದ ದಾರಿಯ ಒಂದು ಗ್ಯಾರೇಜಿನಲ್ಲಿ ಬದಲಾಯಿಸಿಕೊಟ್ಟರು. ಟೆಂಟಿನ ಹಾಸಿಗೆ ಹೇಳಿದ್ದಕ್ಕಿಂತ ತೆಳು. ಕೊಟ್ಟ ಸ್ಲೀಪಿಂಗ್ ಬ್ಯಾಗು ಆಗಸ್ಟ್ ಚಳಿಗೆ ಸಾಲದು, ಮರುಭೂಮಿ ಅಂದರೆ ಸೆಖೆ ಅಂದುಕೊಂಡು ಹೋಗಬೇಡಿ, ಬೆಳಗಿನ ಜಾವ ನೀರು ಹೆಪ್ಪುಗಟ್ಟುವ ಹತ್ತಿರ ಇರುತ್ತದೆ. ಒಂದೊಂದು ಕಂಬಳಿ ಮನೆಯಿಂದಲೇ ಒಯ್ಯಿರಿ. ಇನ್ನೊಂದು, ಟೆಂಟ್ ಬಿಚ್ಚುವುದು ಸುಲಭ, ಐದು ನಿಮಿಷದ ಕೆಲಸ, ಆದರೆ ರಾತ್ರಿ ಎದ್ದರೆ ಏಣಿ ಇಳಿಯಬೇಕು. ಮಂಡಿ ನೋವು ಇರುವವರು ನೆಲದ ಟೆಂಟೇ ಕೇಳಿ.

ಆದರೆ ಟ್ರಿಪ್ಪಿನಲ್ಲಿ ನಿಜವಾಗಿ ಹೊಟ್ಟೆ ಉರಿದದ್ದು ಗಾಡಿಯವರಿಂದಲ್ಲ, ಚಿಕ್ಕಮಗಳೂರಿನಲ್ಲಿ ನಮಗೆ ಜಾಗ ಬುಕ್ ಮಾಡಿಕೊಟ್ಟ ಏಜೆಂಟರಿಂದ. ಸೊಸುಸ್‌ವ್ಲೇ ಅಂತ ಕೆಂಪು ಮರಳು ದಿಬ್ಬಗಳ ಜಾಗ ಇದೆಯಲ್ಲ, ಎಲ್ಲಾ ಫೋಟೋಗಳಲ್ಲಿ ಬರುವುದು, ಅದಕ್ಕೆ ಸೆಸ್ರಿಯೆಮ್ ಅನ್ನುವಲ್ಲಿ ಎರಡು ಗೇಟು. ಒಳಗಿನ ಕ್ಯಾಂಪಿನಲ್ಲಿ ಉಳಿದವರಿಗೆ ಸೂರ್ಯ ಹುಟ್ಟುವ ಒಂದು ಗಂಟೆ ಮುಂಚೆ ಬಿಡುತ್ತಾರೆ. ಹೊರಗೆ ಉಳಿದವರಿಗೆ ಸೂರ್ಯ ಹುಟ್ಟಿದ ಮೇಲೆ. ನಮ್ಮ ಏಜೆಂಟರು ಹೊರಗೆ ಬುಕ್ ಮಾಡಿ "ಎಲ್ಲಾ ಒಂದೇ ಮೇಡಂ, ಪಕ್ಕದಲ್ಲೇ" ಅಂದಿದ್ದರು. ಪಕ್ಕದಲ್ಲೇ ಹೌದು. ಆದರೆ ಗೇಟಿನಿಂದ ದಿಬ್ಬಗಳಿಗೆ ಇನ್ನೂ 60 ಕಿ.ಮೀ. ಇದೆ. ನಾವು ಸಾಲಿನಲ್ಲಿ ಎಂಜಿನ್ ಆರಿಸಿ ಕೂತಿದ್ದೆವು, ಒಳಗಿನವರ ಹಿಂದಿನ ಕೆಂಪು ದೀಪಗಳು ಆಗಲೇ ದೂರದಲ್ಲಿ ಚುಕ್ಕಿಯಾಗಿದ್ದವು. ಡ್ಯೂನ್ 45 ಅನ್ನುವ ದಿಬ್ಬ ಮುಟ್ಟುವಾಗ ಅರ್ಧ ಕೆಂಪು, ಅರ್ಧ ಕಪ್ಪು ನೆರಳಿನ ಆ ಗೆರೆ ಆಗಲೇ ಕರಗುತ್ತಾ ಇತ್ತು. ಗೇಟಿನ ಒಳಗಿನ ಆ ಕ್ಯಾಂಪ್ ನಡೆಸುವುದು ನಮೀಬಿಯಾ ವೈಲ್ಡ್‌ಲೈಫ್ ರೆಸಾರ್ಟ್ಸ್ ಅನ್ನುವ ಸರ್ಕಾರಿ ಸಂಸ್ಥೆ, ಆನ್‌ಲೈನಿನಲ್ಲಿ ನೀವೇ ಬುಕ್ ಮಾಡಬಹುದು. ಏಜೆಂಟರಿಗೆ ಕಮಿಷನ್ ಸಿಗದಿದ್ದರೆ ನಮಗೇನು?

ಕೊನೆಯ ಐದು ಕಿ.ಮೀ. ಬರೀ ಮರಳು. ಫೋರ್ ವೀಲ್ ಇದ್ದವರು ಟೈರಿನ ಗಾಳಿ ಇಳಿಸಿ, ಲೋ ಗೇರಿನಲ್ಲಿ ನಿಲ್ಲಿಸದೇ ಹೋಗಬೇಕು. ಧೈರ್ಯ ಸಾಲದವರಿಗೆ ಅಲ್ಲೇ ಶಟಲ್ ಜೀಪು ಸಿಗುತ್ತದೆ. ಆಮೇಲೆ ನಡೆದು ದಿಬ್ಬ ದಾಟಿದರೆ ಡೆಡ್‌ವ್ಲೇ. ಬಿಳಿ ಜೇಡಿಯ ಚಪ್ಪಟೆ ನೆಲ, ಮಧ್ಯದಲ್ಲಿ ಕರಿ ಮರಗಳು ನಿಂತಿವೆ. ಒಂದು ಕಾಲಕ್ಕೆ ಟ್ಸೌಚಬ್ ನದಿಯ ನೀರು ಇಲ್ಲಿಗೆ ಬರುತ್ತಿತ್ತು, ಮರಳು ದಿಬ್ಬ ಸರಿದು ದಾರಿ ಮುಚ್ಚಿತು, ಮರಗಳು ಒಣಗಿದವು. ಅದಾಗಿ 600 ವರ್ಷಕ್ಕೂ ಮೇಲಾಗಿದೆ. ಇನ್ನೂ ಬಿದ್ದಿಲ್ಲ, ಕೊಳೆತಿಲ್ಲ. ಕೊಳೆಯಲಿಕ್ಕೂ ಪಸೆ ಬೇಕಲ್ವಾ! ನಮ್ಮಲ್ಲಿ ಒಂದು ಸಿಲ್ವರ್ ಓಕ್ ಬಿದ್ದರೆ ಎರಡು ಮಳೆಗಾಲಕ್ಕೆ ಅಣಬೆ ಎದ್ದು ಮಣ್ಣಾಗಲು ಶುರು. ಮರ ಮುಟ್ಟಬೇಡಿ, ಹತ್ತಬೇಡಿ, ಅಲ್ಲಿ ಕೊಂಬೆಗೆ ಜೋತು ಬಿದ್ದು ಸೆಲ್ಫಿ ತೆಗೆಯುವವರನ್ನು ನೋಡಿ ನಾಚಿಕೆ ಆಯಿತು.

ಸಮುದ್ರ ದಂಡೆಯ ಸ್ವಾಕೊಪ್‌ಮುಂಡ್ ಒಂದು ಕಾಲಕ್ಕೆ ಈ ದೇಶ ಆಳುತ್ತಿದ್ದ ಜರ್ಮನ್ನರು ಕಟ್ಟಿದ ಊರು. ಮಂಜು ಮುಸುಕಿ ಸಂಜೆ ನಾಲ್ಕಕ್ಕೇ ಸ್ವೆಟರ್ ಹುಡುಕಬೇಕು. ಪಕ್ಕದಲ್ಲೇ ಸಮುದ್ರ, ಆದರೂ ವರ್ಷಕ್ಕೆ ಒಂದು ಇಂಚು ಮಳೆಯೂ ಇಲ್ಲ. ನೂರು ಇಂಚು ದಾಟಿತಾ ಅಂತ ಮಳೆಮಾಪಕ ನೋಡುವ ನಾವು ಇದನ್ನು ನಂಬಲಿಕ್ಕೇ ಟೈಮ್ ಬೇಕಾಯಿತು. ದಕ್ಷಿಣದಿಂದ ಬರುವ ಬೆಂಗ್ವೆಲಾ ಅನ್ನುವ ತಣ್ಣನೆಯ ಪ್ರವಾಹ ದಂಡೆಯುದ್ದ ಹರಿಯುತ್ತದೆ. ಮೇಲಿನ ಗಾಳಿ ತಣ್ಣಗಾಗಿ ಕೆಳಗೇ ಕೂತುಬಿಡುತ್ತದೆ, ಮೇಲೇರಿ ಮೋಡ ಕಟ್ಟಿದರೆ ತಾನೇ ಮಳೆ. ಬದಲಿಗೆ ಮಂಜು. ಅಲ್ಲಿಯ ಒಂದು ಜಾತಿ ಜೀರುಂಡೆ ಮರಳಿನ ಮೇಲೆ ತಲೆ ಕೆಳಗೆ ಮಾಡಿ ನಿಂತು ಬೆನ್ನ ಮೇಲೆ ಕೂತ ಮಂಜಿನ ಹನಿ ಬಾಯಿಗೆ ಇಳಿಸಿಕೊಂಡು ಕುಡಿಯುತ್ತದೆ.

ಎಟೋಶಾ ಬಗ್ಗೆ ಜಾಸ್ತಿ ಬರೆಯಲ್ಲ, ಎಲ್ಲರೂ ಬರೆದಿದ್ದಾರೆ. ನಿಮ್ಮದೇ ಗಾಡಿಯಲ್ಲಿ ಸುತ್ತಬಹುದು. ಒಕೌಕುಯೆಯೊ ಕ್ಯಾಂಪಿನ ನೀರುಗುಂಡಿಗೆ ರಾತ್ರಿಯೆಲ್ಲ ದೀಪ ಇರುತ್ತದೆ, ಕಟ್ಟೆ ಮೇಲೆ ಕಂಬಳಿ ಹೊದ್ದು ಕೂತರೆ ಘೇಂಡಾಮೃಗ ತಾನಾಗಿ ಬರುತ್ತದೆ, ಸಫಾರಿಗೆ ಬೇರೆ ದುಡ್ಡು ಬೇಡ. ಬೆಂಚಿನ ಮೇಲೆ ಕೂತ ನಮ್ಮ ದೇಶದವರು ಜೋರಾಗಿ ವಿಡಿಯೋ ಕಾಲ್ ಮಾಡದಿದ್ದರೆ ಇನ್ನೂ ಚೆನ್ನ. 2022ರಲ್ಲಿ ಮಧ್ಯಪ್ರದೇಶದ ಕುನೋಗೆ ಬಂದ ಮೊದಲ ಎಂಟು ಚೀತಾಗಳು ಈ ದೇಶದವೇ. ನಮಗಂತೂ ಒಂದೂ ಕಾಣಲಿಲ್ಲ.

ವಿಂಡ್‌ಹುಕ್ ಬಗ್ಗೆ ಮಾತ್ರ ಹೇಳಲೇಬೇಕು. ಬಹಳ ಜನ ಗಾಡಿ ತಗೊಂಡು ಅವತ್ತೇ ಊರು ಬಿಡುತ್ತಾರೆ. ಒಂದು ದಿನವಾದರೂ ಇಟ್ಟುಕೊಳ್ಳಿ. ಊರು ನಮ್ಮ ಚಿಕ್ಕಮಗಳೂರಿಗಿಂತ ಎತ್ತರದಲ್ಲಿದೆ, ಗುಡ್ಡಗಳ ಮಧ್ಯೆ, ಚೊಕ್ಕಟ. ಒಂದೇ ಏರಿನಲ್ಲಿ ಮೂರು ಕಟ್ಟಡ ಸಿಗುತ್ತವೆ: 1910ರ ಜರ್ಮನ್ ಚರ್ಚು, 1890ರಲ್ಲಿ ಜರ್ಮನ್ ಸೇನೆ ಕಟ್ಟಲು ಶುರು ಮಾಡಿದ ಕೋಟೆ, ಇವೆರಡರ ಮಧ್ಯೆ 2014ರಲ್ಲಿ ತೆರೆದ ಸ್ವಾತಂತ್ರ್ಯ ಮ್ಯೂಸಿಯಂ. ಇದನ್ನು ಉತ್ತರ ಕೊರಿಯಾದ ಕಂಪನಿ ಕಟ್ಟಿದ್ದು, ಆಕಾರ ನೋಡಿ ಊರವರು ಕಾಫಿ ಮೆಷಿನ್ ಅಂತ ತಮಾಷೆ ಮಾಡುತ್ತಾರೆ. ಒಳಗೆ ತಮಾಷೆ ಇಲ್ಲ. 1904ರಿಂದ 1908ರ ತನಕ ಹೆರೆರೊ, ನಾಮಾ ಅನ್ನುವ ಇಲ್ಲಿಯ ಜನರನ್ನು ಜರ್ಮನ್ನರು ಮರುಭೂಮಿಗೆ ಅಟ್ಟಿ, ಶಿಬಿರಗಳಲ್ಲಿ ಕೂಡಿಹಾಕಿ ಕೊಂದದ್ದು ಅಲ್ಲಿದೆ. ಜರ್ಮನಿ ಇದನ್ನು ನರಮೇಧ ಅಂತ ಒಪ್ಪಿಕೊಂಡಿದ್ದು 2021ರಲ್ಲಿ. ಆಮೇಲೆ ದಕ್ಷಿಣ ಆಫ್ರಿಕಾದ ಆಳ್ವಿಕೆ, ಕೊನೆಗೆ 1990ರ ಮಾರ್ಚ್ 21ಕ್ಕೆ ಸ್ವಾತಂತ್ರ್ಯ. ಇದನ್ನು ನೋಡಿ ಬಂದು ಸ್ವಾಕೊಪ್‌ಮುಂಡ್‌ನ ಚೆಂದದ ಜರ್ಮನ್ ಮನೆಗಳ ಮುಂದೆ ನಿಂತರೆ ಫೋಟೋ ತೆಗೆಯುವ ಕೈ ಸ್ವಲ್ಪ ತಡೆಯುತ್ತದೆ. ಅದಕ್ಕೇ ಮ್ಯೂಸಿಯಂ ಮೊದಲು ನೋಡಿ.

ವಿಂಡ್‌ಹುಕ್‌ನಲ್ಲಿ ನಲ್ಲಿ ನೀರು ಕುಡಿಯಬಹುದು. ಊರಿನ ಕೊಳಚೆ ನೀರನ್ನು ಶುದ್ಧ ಮಾಡಿ ಮತ್ತೆ ಕುಡಿಯುವ ನೀರಿಗೇ ಸೇರಿಸುವುದನ್ನು 1968ರಿಂದ ಮಾಡುತ್ತಿದ್ದಾರೆ, ಜಗತ್ತಿನಲ್ಲಿ ಮೊದಲು ಇಲ್ಲೇ. ಇದನ್ನು ಕೇಳಿದ ಮೇಲೆ ಇವರು ಬಾಟಲಿ ನೀರು ತಂದರು. ನಾನು ನಲ್ಲಿಯದೇ ಕುಡಿದೆ, ಏನೂ ಆಗಲಿಲ್ಲ.

ಊಟಕ್ಕೆ, ಮಾಂಸ ತಿನ್ನುವವರಿಗೆ ಹಬ್ಬ. ತಿನ್ನದವರು ಅಕ್ಕಿ, ಬೇಳೆ, ತರಕಾರಿ ಸೂಪರ್ ಮಾರ್ಕೆಟ್ಟಿನಲ್ಲಿ ಕೊಂಡು, ಸಾರಿನ ಪುಡಿ ಮನೆಯಿಂದ ಒಯ್ದು ಕ್ಯಾಂಪಿನಲ್ಲಿ ಮಾಡಿಕೊಳ್ಳಬೇಕು. ನನಗೆ ಖುಷಿ ಕೊಟ್ಟದ್ದು ಉತ್ತರದ ಕಡೆಯವರ ಊಟ ಹಾಕುವ ಒಂದು ಹೋಟೆಲ್. ಸಜ್ಜೆ ಹಿಟ್ಟಿನ ಗಟ್ಟಿ ಉಂಡೆ, ಕಾಡುಸೊಪ್ಪಿನ ಪಲ್ಯ, ಊರುಕೋಳಿ. ಆ ಕೋಳಿಗೆ ಅಲ್ಲಿ ಮ್ಯಾರಥಾನ್ ಚಿಕನ್ ಅಂತಾರೆ, ಓಡಿ ಓಡಿ ಗಟ್ಟಿಯಾದ್ದು. ಉಂಡೆಯನ್ನು ಕೈಲಿ ಮುರಿದು, ಸಾರಿಗೆ ಅದ್ದಿ ನುಂಗಬೇಕು, ಮಾಣಿ ಹೇಳಿಕೊಡಲು ಬಂದವನು ಇವರು ನುಂಗುವ ವೇಗ ನೋಡಿ ಸುಮ್ನೆ ವಾಪಸ್ ಹೋದ. ಖಾರ ಮಾತ್ರ ಏನೇನೂ ಇಲ್ಲ.

ಗಾಡಿ ನಿಲ್ಲಿಸುವಾಗ ಒಳಗೆ ಒಂದು ಚೀಲವೂ ಕಾಣದ ಹಾಗೆ ಇಡಿ, ಗಾಜು ಒಡೆದು ಕದಿಯುವುದು ಊರೊಳಗೆ ಇದೆ. ರಸ್ತೆಯ ಎಡಗಡೆಯೇ ಓಡಿಸುವುದು, ಆ ತಲೆನೋವಿಲ್ಲ. ಇಂಟರ್‌ನ್ಯಾಷನಲ್ ಪರ್ಮಿಟ್ಟನ್ನು ಇಲ್ಲೇ ಆರ್‌ಟಿಓದಲ್ಲಿ 1000 ರೂಪಾಯಿಗೆ ಮಾಡಿಸಿಕೊಂಡು ಹೋಗಿ, ಒಂದು ವರ್ಷ ನಡೆಯುತ್ತದೆ. ಡೆಪಾಸಿಟ್ಟಿಗೆ ಕ್ರೆಡಿಟ್ ಕಾರ್ಡೇ ಕೇಳುತ್ತಾರೆ, ಕಾರ್ಡಿನ ಮೇಲಿನ ಹೆಸರು ಓಡಿಸುವವರದ್ದೇ ಆಗಿರಬೇಕು ಅಂತ ನಮ್ಮ ಕಂಪನಿ ಹಟ ಹಿಡಿಯಿತು. ಕಾರ್ಡು ಇವರ ಹೆಸರಿನಲ್ಲಿ, ಓಡಿಸುವವಳು ನಾನು. ಕೊನೆಗೆ ಕಾಗದದಲ್ಲಿ ಇವರೇ ಮುಖ್ಯ ಡ್ರೈವರ್, ನಾನು ಹೆಚ್ಚುವರಿ ಡ್ರೈವರ್ ಅಂತ ಬರೆಸಿ, ಅದಕ್ಕೆ ಬೇರೆ ದುಡ್ಡೂ ಕಟ್ಟಿದ್ದಾಯಿತು. ಇವರು ಒಂದು ಕಿಲೋಮೀಟರೂ ಓಡಿಸಲಿಲ್ಲ.